ಬಳೆ ತೆಗೆದಿಟ್ಟ ಮೇಡಂ

ಅವರ ಮುಂಗೈಗಳ ಮೇಲೆ ಬಳೆಯ ಗುರುತು ಇರುತ್ತಿತ್ತು, ಬಳೆ ಇರುತ್ತಿರಲಿಲ್ಲ. ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು, ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಗಂಡನಿರುವ ಹೆಂಗಸು ಬರಿಗೈಯಲ್ಲಿ ಕೂರುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಠೇವಣಿ ಇಡಲು ಬಂದ ಮುದುಕಿಯೊಬ್ಬಳು ಕೇಳಿಯೇಬಿಟ್ಟಳು.

"ಮುತ್ತೈದಿ ಅದೀರಿ. ಹಿಂಗ ಬರಿಗೈಲೆ ಕುಂದ್ರಬಾರದ್ರಿ ಮೇಡಂ."

"ನಮ್ಮ ಹುಡುಗಿಗೆ ಬಳಿ ಸಪ್ಪಳ ತಡಿಯಾಕ ಆಗಂಗಿಲ್ಲಮ್ಮ. ಸಂಜೀಕ ಹಾಕ್ಕಂತೀನಿ."

ಆ ಹುಡುಗಿ ನಾನು.

ಹರಪನಹಳ್ಳಿಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಅವರು ಮ್ಯಾನೇಜರ್, ನಾನು ಸಾಲದ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವವಳು. ತೆಲಿಗಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನಗೆ ಆಟಿಸಂ ಇದೆಯೆಂದು ದಾವಣಗೆರೆಯ ವೈದ್ಯರು ಹೇಳಿದ್ದನ್ನು ಅಪ್ಪ ಯಾರಿಗೂ ತಿಳಿಸಿರಲಿಲ್ಲ, ಮದುವೆಗೆ ತೊಡಕಾದೀತೆಂದು. ಕಚೇರಿಯವರ ಲೆಕ್ಕದಲ್ಲಿ ನಾನು ಸೊಕ್ಕಿನವಳು. ಮುಖ ನೋಡಿ ಮಾತಾಡುವುದಿಲ್ಲ, ಚಹಾಕ್ಕೆ ಕರೆದರೆ ಬರುವುದಿಲ್ಲ. ನೋಟು ಎಣಿಸುವ ಯಂತ್ರ, ಪಟಪಟ ಮಿನುಗುವ ಟ್ಯೂಬ್‌ಲೈಟು, ಒಟ್ಟಿಗೇ ಮಾತಾಡುವ ಜನ, ಎಲ್ಲವೂ ಮೈಮೇಲೆ ಬಿದ್ದಂತಾಗುತ್ತದೆ ಎಂದು ಯಾರಿಗೆ ಹೇಗೆ ಹೇಳಲಿ?

ಒಂದು ಸಂತೆಯ ದಿನ ಕರೆಂಟು ಹೋಗಿ, ನನ್ನ ಕಿಟಕಿಯ ಹೊರಗೇ ಜನರೇಟರ್ ಶುರುವಾಯಿತು. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಆಮೇಲೆ ನೋಡಿದರೆ ನಾನು ಮೇಜಿನ ಕೆಳಗಿದ್ದೆ, ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದೆ.

"ಗಾಳಿ ಬಡದೈತಿ, ಮುಖಕ್ಕ ನೀರ್ ಹೊಡೀರಿ" ಎಂದು ಯಾರೋ ಕೂಗಿದರು.

"ಯಾರೂ ಮುಟ್ಟಬ್ಯಾಡ್ರಿ" ಎಂದರು ಮೇಡಂ. ಜನರೇಟರ್ ನಿಲ್ಲಿಸಿದರು. ಬಂದವರನ್ನೆಲ್ಲ ಹೊರಗೆ ಕಳಿಸಿ, ನನ್ನಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆಯೇ ಕೂತರು. ನಾನಾಗಿ ಹೊರಬರುವವರೆಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು:

"ನಿನಗ ಯಾವ್ಯಾವುದು ತ್ರಾಸ ಆಗತೈತಿ, ಹೇಳವ್ವ. ಯಾಕ ಅಂತ ಹೇಳೋದೇನು ಬ್ಯಾಡ."

ಹುಟ್ಟಿದಾಗಿನಿಂದ ಯಾರೂ ಹಾಗೆ ಕೇಳಿರಲಿಲ್ಲ. ಯಂತ್ರ ಹೇಳಿದೆ, ದೀಪ ಹೇಳಿದೆ, ಬಾಯಿ ತಪ್ಪಿ ಅವರ ಬಳೆಗಳನ್ನೂ ಹೇಳಿಬಿಟ್ಟೆ. ಮರುದಿನದಿಂದ ಅವರ ಕೈ ಬರಿದಾಯಿತು.

ಅಷ್ಟು ಸಾಲದೆಂದು ಅವರಿಗೇ ತಿಳಿಯಿತು. ಒಂದು ಭಾನುವಾರ ತೆಲಿಗಿಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು, ನಾನು ಮನೆಯಿಂದಲೇ ಕೆಲಸ ಮಾಡಲಿ ಎಂದರು.

"ಮನ್ಯಾಗ ಕುಂತರ ಪಗಾರ ಕೊಡ್ತಾರೇನ್ರಿ?" ಅಪ್ಪ ನಂಬಲಿಲ್ಲ.

"ಕುಂತಿದ್ದಕ್ಕಲ್ರಿ ಯಜಮಾನ್ರ, ಮಾಡಿದ ಕೆಲಸಕ್ಕ ಕೊಡ್ತಾರ. ಅದನ್ನ ಎಲ್ಲಿ ಮಾಡಿದ್ರೇನು?"

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಕೆಲಸ ಶುರುವಾಯಿತು. ಮೇಡಂ ಫೋನ್ ಮಾಡುತ್ತಿರಲಿಲ್ಲ, ಬರೆದು ಕಳಿಸುತ್ತಿದ್ದರು. ಒಂದು ಸಲಕ್ಕೆ ಒಂದೇ ಕೆಲಸ. ಏನಾದರೂ ಬದಲಾಗುವುದಿದ್ದರೆ ಹಿಂದಿನ ದಿನವೇ ತಿಳಿಸುತ್ತಿದ್ದರು. ಸಂಜೆಗೆ ತಲೆನೋವಿಲ್ಲದೆ ಅವ್ವನ ಪಕ್ಕ ಕೂತು ಉಣ್ಣಬಹುದೆಂದು ನನಗೆ ಗೊತ್ತಾದದ್ದು ಆಗಲೇ.

ಅದು ಬಹಳ ಕಾಲ ನಡೆಯಲಿಲ್ಲ. "ಆಕಿಗೊಂದು ನ್ಯಾಯ, ನಮಗೊಂದು ನ್ಯಾಯ ಏನ್ರಿ?" ಎಂದು ಕಚೇರಿಯವರು ನಿರ್ದೇಶಕರ ಬಳಿ ಹೋದರು. ಸಭೆಯಲ್ಲಿ ಮೇಡಂ ನನ್ನ ಪರವಾಗಿ ಜಗಳವಾಡಿದರಂತೆ. ಅವರನ್ನು ಹಡಗಲಿ ಶಾಖೆಗೆ ಎತ್ತಿಹಾಕಿದರು. ಹೊಸ ಮ್ಯಾನೇಜರ್ ಫೋನ್ ಮಾಡಿ, "ಎಲ್ಲರಂಗ ಬಂದು ಕುಂತು ಮಾಡು, ಇಲ್ಲಾಂದ್ರ ಬಿಡು" ಎಂದರು.

ಕಿವಿಗೆ ಹತ್ತಿ ತುರುಕಿಕೊಂಡು ಹೋದೆ. ವಾರ ತುಂಬುವ ಮೊದಲೇ, ಶೌಚಾಲಯದ ಬಾಗಿಲು ಹಾಕಿಕೊಂಡು ಕೂತಿದ್ದವಳನ್ನು ಅಪ್ಪ ಬಂದು ಕರೆದೊಯ್ಯಬೇಕಾಯಿತು. ಅಲ್ಲಿಗೆ ಕೆಲಸ ಮುಗಿಯಿತು. ಮೇಡಂ ನನಗಾಗಿ ಹಡಗಲಿಯಲ್ಲಿ ಕೆಲಸ ಕೇಳಿದರು, ಕೊಟ್ಟೂರಿನಲ್ಲಿ ಪರಿಚಯದವರನ್ನು ಕೇಳಿದರು. ಮನೆಯಿಂದ ಮಾಡುವವಳು ಎಂದೊಡನೆ ಎಲ್ಲರೂ ಮಾತು ಬದಲಿಸಿದರಂತೆ. "ಇನ್ನೊಬ್ರನ್ನ ಕೇಳ್ತೀನಿ ತಡಿ" ಎಂದು ಬರೆದಿದ್ದರು. ಅದಾದ ಸ್ವಲ್ಪ ದಿನಕ್ಕೆ ಹಡಗಲಿಯ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿದ್ದು ಅವರ ಊರು ನೀಲಗುಂದದಲ್ಲಿ. ಅಪ್ಪ ಬೈಕಿನಲ್ಲಿ ಕರೆದೊಯ್ದ. ಓಣಿಯ ಬಾಯಿಗೇ ಹಲಗೆ ವಾದ್ಯದ ಹೊಡೆತ, ಭಜನೆಯ ತಾಳ, ನಡುನಡುವೆ ಪಟಾಕಿ. ಹೋಗಲೇಬೇಕೆಂದು ಒಂದೆರಡು ಹೆಜ್ಜೆ ಇಟ್ಟೆ, ಮುಂದೆ ಹೋಗಲಾಗಲಿಲ್ಲ. ಗೋಡೆಗೆ ಮುಖ ಒತ್ತಿ, ಕಿವಿ ಮುಚ್ಚಿಕೊಂಡು ಕೂತುಬಿಟ್ಟೆ. ಹೂವಿನಿಂದ ಸಿಂಗರಿಸಿದ ಶವದ ವಿಮಾನದಲ್ಲಿ ಅವರನ್ನು ಕೂರಿಸಿಕೊಂಡು ಜನ ನನ್ನ ಬೆನ್ನ ಹಿಂದೆಯೇ ಹಾದುಹೋದರು. ಕಣ್ಣು ತೆರೆಯಲೂ ಆಗಲಿಲ್ಲ.

"ತನಗ ಅಷ್ಟು ಮಾಡಿದವ್ರ ಮಾರಿ ಸುದ್ದಾ ನೋಡಲಿಲ್ಲ ಈಕಿ" ಎಂದು ಕಚೇರಿಯ ಹೆಂಗಸೊಬ್ಬಳು ಅಪ್ಪನಿಗೆ ಕೇಳುವಂತೆಯೇ ಅಂದಳು.

ಅಪ್ಪ ನನ್ನನ್ನು ಬೈಕಿಗೆ ಹತ್ತಿಸಿಕೊಂಡು ಹೊರಟ. ಊರು ದಾಟಿದ ಮೇಲೆ ಬೈಕು ನಿಲ್ಲಿಸಿ, ನನ್ನ ಕಡೆ ತಿರುಗದೆ ಕೇಳಿದ: "ಇನ್ಮ್ಯಾಲೆ ನಿನ್ನ ಸಲುವಾಗಿ ಯಾರು ಮಾತಾಡ್ತಾರವ್ವ?"

ನೋಯಿಸಲೆಂದು ಕೇಳಿದ್ದಲ್ಲ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.