ಹಾಜಿಯವರ ಒಂದು ಕೋಣೆಯ ಮನೆ

ಕಳೆದ ಗುರುವಾರ ಇಲ್ಲಿ ಗಲ್ಫಿನ ನಮ್ಮ ರೂವಿ ಆಫೀಸಿನಲ್ಲಿ ಹಾಜಿ ಇಸ್ಮಾಯಿಲ್ ಅವರ ಸೆಂಡಾಫ್. ಮಲೇಷ್ಯಾದವರು, ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು, ವಯಸ್ಸು ಅರುವತ್ತರ ಹತ್ತಿರ. ಇನ್ನೆರಡು ವರ್ಷ ಇರಿ ಎಂದು ಕಂಪನಿಯೇ ಕೇಳಿದರೂ ಬೇಡ ಎಂದರು. ಗಲ್ಫಿನಲ್ಲಿ ಕಾಂಟ್ರಾಕ್ಟ್ ರಿನ್ಯೂವಲ್ ಬೇಡ ಎನ್ನುವವರನ್ನು ನೀವು ಕಂಡಿದ್ದೀರಾ? (ನಾನು ಅದೇ ವಾರ ನನ್ನದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದ್ದೆ.)

"ಊರಿಗೆ ಹೋಗಿ ರೆಸ್ಟಾ?" ಎಂದು ಕೇಳಿದೆ. ಹೊಟ್ಟೆಕಿಚ್ಚಿತ್ತು.

"ಇಲ್ಲ, ಓದಲಿಕ್ಕೆ ಸೇರ್ತೇನೆ" ಎಂದರು.

ಜೋಕ್ ಅಂದುಕೊಂಡೆ. ಅಲ್ಲ. ಅವರ ಕಡೆ ಪೊಂಡೊಕ್ ಅಂತ ಇದೆಯಂತೆ. ಒಬ್ಬ ಗುರು, ಅವರ ಮನೆಯ ಸುತ್ತ ಸಣ್ಣ ಸಣ್ಣ ಗುಡಿಸಲುಗಳು. ಹುಡುಗರಷ್ಟೇ ಅಲ್ಲ, ಮಕ್ಕಳ ಮದುವೆ ಮುಗಿಸಿದವರು, ಗಂಡ ತೀರಿಕೊಂಡ ಅಜ್ಜಿಯರು ಕೂಡ ಅಲ್ಲೇ ಬಿಡಾರ ಹೂಡಿ ದಿನಾ ಕಿತಾಬು ಹಿಡಿದು ಗುರುವಿನ ಮುಂದೆ ಕೂರುತ್ತಾರೆ. ಸಾಯುವವರೆಗೂ. ಪರೀಕ್ಷೆಯಿಲ್ಲ, ಸರ್ಟಿಫಿಕೇಟ್ ಇಲ್ಲ.

ಹಾಜಿಯವರಿಗೆ ಇನ್ನೊಂದು ಆಸೆ. ಅವರ ಅಜ್ಜ ಅರಬ್ಬಿ ಲಿಪಿಯ ಹಳೆಯ ಮಲಯ ಕಥೆಗಳನ್ನು ಸಂಜೆ ಹೊತ್ತು ಗಟ್ಟಿಯಾಗಿ ಓದುತ್ತಿದ್ದರು, ಕೇರಿಯೆಲ್ಲ ಕೂತು ಕೇಳುತ್ತಿತ್ತು. ಕಥೆಯ ಕೊನೆಗೆ, ಅದನ್ನು ಕೈಯಲ್ಲಿ ಬರೆದು ನಕಲು ಮಾಡಿದವನು ತಾನು ದಡ್ಡ, ತಪ್ಪಿದ್ದರೆ ಓದುವವರೇ ತಿದ್ದಬೇಕು ಎಂದು ಬೇಡಿಕೊಳ್ಳುತ್ತಿದ್ದನಂತೆ. (ನಮ್ಮ ಜಿ.ಎಂ. ತಮ್ಮ ಮೆಮೊದಲ್ಲಿ ಹೀಗೆ ಬರೆದರೆ ಹೇಗಿದ್ದೀತು?) ಅಂಥ ಒಂದು ಕಥೆಯನ್ನಾದರೂ ತಾವೇ ಪೂರ್ತಿ ಓದಬೇಕು ಎಂಬುದೇ ಆ ಆಸೆ. ಆದರೆ ಶುಗರ್ ಒಂದು ಕಣ್ಣನ್ನು ಆಗಲೇ ಮಂಜು ಮಾಡಿದೆ.

"ಎರಡು ವರ್ಷ ಇದ್ದರೆ ಸಂಬಳ ಸಿಗ್ತದೆ ಪಿಂಟೊ. ಕಣ್ಣು ಸಿಗೂದಿಲ್ಲ" ಎಂದರು. ಮತ್ತೆ, "ನೀವು ಊರಿಗೆ ಹೋದ ಮೇಲೆ ಏನು ಕಲೀತೀರಿ?"

ನನಗೆ ಸಿಟ್ಟೇ ಬಂತು. ಬೆಳಗ್ಗೆ ಒಂದು ಪಾಳಿ, ಸಂಜೆ ಇನ್ನೊಂದು. ಈ ಸೆಖೆಯಲ್ಲಿ ವರ್ಷಗಟ್ಟಲೆ ಟೆಲೆಕ್ಸ್ ಮುಂದೆ ಕೂತ ಮನುಷ್ಯ ಊರಿಗೆ ಹೋಗುವುದು ಮಲಗುವುದಕ್ಕೆ. ಕಲಿಯುವ ಮಾತೆತ್ತಿದರೇ ನನಗೆ ಸುಸ್ತಾಗುತ್ತದೆ.

ಮನೆಗೆ ಬಂದು ಹೆಂಡತಿ ಐರಿನ್‌ಗೆ ಎಲ್ಲ ಹೇಳಿದೆ. ಮಂಗಳೂರಿನಲ್ಲಿ ಕಟ್ಟುತ್ತಿರುವ ನಮ್ಮ ಮನೆಯ ಪ್ಲಾನ್ ಗೋಡೆಯ ಮೇಲಿತ್ತು. ಅವಳು ಅದನ್ನೇ ನೋಡುತ್ತ ಕೇಳಿದಳು, "ಅಲ್ಲ ಮಾರಾಯ್ರೆ, ಈ ಸಿಟ್‌ಔಟಿನಲ್ಲಿ ಕೂತು ನೀವು ಎಂತ ಮಾಡ್ತೀರಿ?"

"ಸುಮ್ಮನೆ ಕೂರೂದು."

"ಎಷ್ಟು ವರ್ಷ?"

ಹಾಜಿಯವರು ಶನಿವಾರ ವಿಮಾನ ಹತ್ತಿದರು. ಅವರ ಗುಡಿಸಲಿಗೆ ಒಂದೇ ಕೋಣೆ, ಅಲ್ಲಿ ಏನು ಮಾಡಬೇಕೆಂದು ಅವರಿಗೆ ಗೊತ್ತು.

ನಾನು ನಾಲ್ಕು ಬೆಡ್‌ರೂಮಿಗಾಗಿ ಇನ್ನೆರಡು ವರ್ಷ ಬರೆದುಕೊಟ್ಟು ಬಂದಿದ್ದೇನೆ. ಆ ಮನೆಯಲ್ಲಿ ಎಚ್ಚರವಿರುವಾಗ ಏನು ಮಾಡಬೇಕೆಂದು ಯಾವ ಎಂಜಿನಿಯರನ್ನು ಕೇಳಲಿ?