ಪಾರ್ಕಿನ ಗೇಟಿಗೆ ಅಡ್ಡ ನಿಂತ ಸರ್ವಮಂಗಳಾ

ಸರ್ವಮಂಗಳಾ ಅವರ ದನಿಗೆ ಮೈಕು ಬೇಕಾಗಿರಲಿಲ್ಲ. ಪದ್ಮನಾಭನಗರದ ಮನೆಯ ಹಾಲಿನಲ್ಲಿ ಹದಿನೆಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ, ಸಮಾಜ ಟ್ಯೂಷನ್ ಹೇಳಿದವರು. ಗೋಡೆಗೆ ಒರಗಿ ತೂಕಡಿಸುವ ಕೊನೆಯ ಹುಡುಗನಿಗೂ ಎದುರು ಮನೆಯ ಅಡುಗೆಮನೆಗೂ ಪಾಠ ಒಟ್ಟಿಗೇ ಮುಟ್ಟುತ್ತಿತ್ತು. “ನಿಮ್ಮಿಂದ ನಾನೂ ಇನ್ನೊಂದು ಸಲ ಎಸ್ಸೆಸ್ಸೆಲ್ಸಿ ಪಾಸಾದೆ ಬಿಡಿ” ಅಂತ ಎದುರು ಮನೆಯಾಕೆ ನಗುತ್ತಿದ್ದರು. ತಮ್ಮ ದನಿ ಜೋರು ಅನ್ನುವುದು ಐವತ್ತೊಂದು ತುಂಬುವವರೆಗೆ ಅವರಿಗೆ ಒಂದು ವಿಷಯವೇ ಆಗಿರಲಿಲ್ಲ.

ಅದನ್ನು ವಿಷಯ ಮಾಡಿದ್ದು ಇಪ್ಪತ್ತೆರಡು ಸೆಕೆಂಡಿನ ಒಂದು ವಿಡಿಯೋ.

ಜನವರಿಯಲ್ಲಿ ಜಯನಗರ ನಾಲ್ಕನೇ ಬ್ಲಾಕಿಗೆ ಅವರೆಕಾಯಿ ತರಲು ಹೋಗಿದ್ದರು. ಟ್ರಾಫಿಕ್ ತಪ್ಪಿಸಿಕೊಳ್ಳಲು ಫುಟ್‌ಪಾತ್ ಹತ್ತಿದ ಒಂದು ಬೈಕು ಮುಂದೆ ನಡೆಯುತ್ತಿದ್ದ ಮುದುಕರೊಬ್ಬರ ಮೊಣಕೈಗೆ ತಾಗಿತು. ಸರ್ವಮಂಗಳಾ ಬೈಕಿಗೆ ಅಡ್ಡ ನಿಂತರು, ಏರು ದನಿಯಲ್ಲಿ ಬೈದರು. ಹಿಂದೆ ಕೂತಿದ್ದ ಹುಡುಗ ಮೊಬೈಲು ತೆಗೆದ. ಮುದುಕರ ಮೊಣಕೈ ವಿಡಿಯೋದಲ್ಲಿ ಇಲ್ಲ. ಇದ್ದದ್ದು ಜಾರಿದ ಸೆರಗು, ಚೀಲದಿಂದ ಇಣುಕುವ ಸಬ್ಬಸಿಗೆ ಸೊಪ್ಪು, ಬಾಯಿ ಅಗಲಿಸಿ ಕೂಗುವ ಒಬ್ಬ ಹೆಂಗಸು. ಮೇಲೆ ಬರೆದಿದ್ದರು: “ಎಲ್ಲಾ ಏರಿಯಾಗೂ ಇಂಥ ಒಬ್ಬ ಆಂಟಿ ಇರ್ತಾರೆ ಗುರು.”

ಕಾಮೆಂಟುಗಳನ್ನು ಓದಬಾರದಿತ್ತು. ಎಲ್ಲವನ್ನೂ ಓದಿದರು. “ಮನೇಲಿ ಅಂಕಲ್ ಪಾಪ.” “ಕೆಲಸ ಇಲ್ಲ ಇವಕ್ಕೆ, ಸೀರಿಯಲ್ ಮುಗೀತಾ?” “ಮೆನೋಪಾಸ್ ಮಗಾ, ಬಿಟ್ಬಿಡು.” ಈ ಕೊನೆಯದನ್ನು ಓದಿ ಫೋನು ಮಗುಚಿಟ್ಟರು. ಒಂದು ವರ್ಷದಿಂದ ಅವರಿಗೆ ಸರಿಯಾಗಿ ನಿದ್ದೆಯಿರಲಿಲ್ಲ, ಕೂತಲ್ಲೇ ಮೈ ಬೆವರುತ್ತಿತ್ತು. ಗಂಡನಿಗೂ ಹೇಳದಿದ್ದದ್ದನ್ನು ಯಾರೋ ಗೊತ್ತಿಲ್ಲದವನು ಬೀದಿಯಲ್ಲಿ ಕೂಗಿದಂತಾಯಿತು. ಬಾಯಿ ತೆರೆದ ಅದೇ ಮುಖ ಆಮೇಲೆ ಸ್ಟಿಕರ್ ಆಯಿತು. ಅವರ ರಸ್ತೆಯ ವಾಟ್ಸಾಪ್ ಗ್ರೂಪಿನಲ್ಲೇ ಒಬ್ಬರು ‘ಕಸದ ಗಾಡಿ ಬಂತು’ ಅಂತ ಹೇಳುವುದಕ್ಕೆ ಅದನ್ನು ಹಾಕಿದರು. ಅದು ಯಾರ ಮುಖ ಅಂತ ಗೊತ್ತಿಲ್ಲದೆ ಹಾಕಿದರೋ, ಗೊತ್ತಿದ್ದೋ? ಇವರು ಕೇಳಲಿಲ್ಲ.

ಗಂಡ ಸೋಮನಾಥ್ ಬಳ್ಳಾರಿಯಲ್ಲಿ ಕೆಲಸ, ತಿಂಗಳಿಗೆ ಎರಡು ಸಲ ಬರುವವರು. “ಬಿಡೇ, ನಾಲ್ಕು ದಿನ” ಅಂದರು ಫೋನಿನಲ್ಲಿ. ಮನೆಯಲ್ಲಿರುವುದು ಮಗಳು ಸಿರಿ, ಬಿಟಿಎಂ ಲೇಔಟಿನ ಜಾಹೀರಾತು ಆಫೀಸೊಂದರಲ್ಲಿ ಕೆಲಸ.

“ನಮ್ಮ ಆಫೀಸ್ ಗ್ರೂಪಿಗೂ ಬಂತಮ್ಮ ಅದು.”

“ನೀನೇನಂದೆ?”

“ಏನನ್ನಲಿ? ನಗೋ ಇಮೋಜಿ ಹಾಕಿದೆ. ಹಾಕ್ದೇ ಇದ್ರೆ ಯಾಕೆ ಅಂತ ಕೇಳ್ತಾರೆ.” ಸಿರಿ ಉಗುರು ಕಚ್ಚುತ್ತ ನಿಂತಳು. “ಅಮ್ಮಾ, ಪ್ಲೀಸ್. ಇನ್ಮೇಲೆ ಹೊರಗಡೆ ಯಾರಿಗೂ ಏನೂ ಹೇಳ್ಬೇಡ. ನೀನು ಹೇಳೋದು ಸರಿನೇ ಇರುತ್ತೆ. ಆದ್ರೆ ಹೇಳೋವಾಗ ಹೇಗ್ ಕಾಣ್ತೀಯ ಅಂತ ನಿಂಗೆ ಗೊತ್ತಾಗಲ್ಲ.”

“ಆಯ್ತಮ್ಮ” ಅಂದರು ಸರ್ವಮಂಗಳಾ. ಹೇಳಿದ ಮೇಲೆ ಹಾಗೇ ನಡೆದುಕೊಂಡರು.

ಫೆಬ್ರವರಿಯಲ್ಲಿ ಒಂದು ಸಂಜೆ ಪಾಠದ ನಡುವೆ ದನಿ ಏರಿದಾಗ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ನೋಡಿದ್ದು, ಒಬ್ಬ ಹುಡುಗನ ಭುಜ ನಗುವಿಗೆ ಕುಲುಕಿದ್ದು ಕಂಡಿತು. ಜೂನ್‌ನಲ್ಲಿ ಮಕ್ಕಳನ್ನು ಸೇರಿಸಲು ಬಂದ ತಾಯಂದಿರಿಗೆ “ಈ ವರ್ಷ ಇಲ್ಲಮ್ಮ, ಗಂಟಲು ಸರಿಯಿಲ್ಲ” ಅಂದರು. ಆಟೋದವನು ಸುತ್ತು ದಾರಿ ಹಿಡಿದರೂ, ಔಷಧಿ ಅಂಗಡಿಯ ಕ್ಯೂನಲ್ಲಿ ಹಿಂದಿನವರು ಮುಂದೆ ಬಂದರೂ ಸುಮ್ಮನೆ. ಗಂಟಲು ಹೇಗಿದೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಕೆಲವು ದಿನ ಸಿರಿ ಆಫೀಸಿಗೆ ಹೋದ ಮೇಲೆ ಸಂಜೆವರೆಗೂ ಅವರ ಬಾಯಿಂದ ಒಂದೇ ಒಂದು ಮಾತು ಹೊರಡುತ್ತಿರಲಿಲ್ಲ. ಬೆಳಗ್ಗೆ ಲಿಂಗಪೂಜೆಯ ವೇಳೆ ಮಂತ್ರ ಹೇಳಿಕೊಳ್ಳುವಾಗಲೂ ತುಟಿ ಮಾತ್ರ ಆಡುತ್ತಿತ್ತು.

ಗಣೇಶನ ಹಬ್ಬದ ಮೂರನೇ ದಿನ, ಶನಿವಾರ, ಬೆಳಗಿನ ಜಾವ ಮಳೆ ಹುಯ್ದು ನಿಂತಿತ್ತು. ಏಳೂವರೆಗೆ ಸರ್ವಮಂಗಳಾ ವಾಕಿಂಗಿಗೆ ಹೊರಟರು. ಪಾರ್ಕಿಗೆ ಎರಡು ಗೇಟು. ದೊಡ್ಡದು ಆಚೆ ಮೇನ್ ರೋಡಿಗೆ, ಚಿಕ್ಕ ಕಬ್ಬಿಣದ್ದು ಇವರ ರಸ್ತೆಗೆ. ಚಿಕ್ಕ ಗೇಟಿನ ಪಕ್ಕದಲ್ಲೇ ಹುಡುಗರು ಗಣೇಶನನ್ನು ಕೂರಿಸಿದ್ದರು. ಬಣ್ಣದ ದೀಪಗಳ ಸೀರಿಯಲ್ ಸೆಟ್ಟಿಗೆ ಕರೆಂಟು, ಪ್ರತಿ ವರ್ಷದಂತೆ, ಬೀದಿದೀಪದ ಕಂಬದಿಂದಲೇ: ಒಂದು ವೈರು ಕೊಕ್ಕೆ ಹಾಕಿ, ಗೇಟಿನ ಮೇಲಿಂದ ಎಳೆದು, ನಡುವೆ ಸೇರಿಸಿದ ಕಡೆ ಟೇಪು ಸುತ್ತಿ ಬಿಟ್ಟರೆ ಆಯಿತು. ಐದು ದಿನದ ಮಾತಲ್ಲವೇ.

ಇವರು ಹತ್ತು ಹೆಜ್ಜೆ ದೂರವಿದ್ದಾಗ ಬೀದಿನಾಯಿಯೊಂದು ಗೇಟಿನ ಸಂದಿಯಲ್ಲಿ ನುಗ್ಗಲು ಹೋಗಿ ಕುಯ್ ಅಂತ ಮೇಲಕ್ಕೆ ಹಾರಿತು. ಕೆಳಗೆ ಬಿದ್ದದ್ದೇ ಬಾಲ ಮುದುರಿ ಓಟ.

ಸರ್ವಮಂಗಳಾ ನಿಂತಲ್ಲೇ ನಿಂತು ಮೇಲೆ ನೋಡಿದರು. ಮಳೆಗೆ ಟೇಪು ಬಿಚ್ಚಿಕೊಂಡಿದೆ. ಜೋತುಬಿದ್ದ ವೈರಿನ ಬರಿ ತಾಮ್ರ ಗೇಟಿನ ಸರಳಿನ ಮೇಲೆ ಕೂತಿದೆ. ಗೇಟಿನ ಬುಡದಲ್ಲಿ ಬೊಗಸೆ ನೀರು.

ಕರೆಂಟಿನವರ ಸಹಾಯವಾಣಿಗೆ ಫೋನು ಮಾಡಿದರು. ಹನ್ನೊಂದು ನಿಮಿಷ ಸಂಗೀತ ಕೇಳಿಸಿ, ಆಮೇಲೆ ಒಬ್ಬ ಹುಡುಗಿ, “ಪೋಲ್ ನಂಬರ್ ಹೇಳಿ ಮೇಡಂ” ಅಂದಳು.

“ಪಾರ್ಕಿನ ಚಿಕ್ಕ ಗೇಟು, ಗಣೇಶನ ಪಕ್ಕ…”

“ಎಲ್ಲಾ ಕಡೆನೂ ಗಣೇಶ ಇದೆ ಮೇಡಂ. ಕಂಬದ ಮೇಲೆ ಪೇಂಟಲ್ಲಿ ಬರ್ದಿರ್ತಾರೆ, ನೋಡಿ.”

ನೋಡಿದರು. ಕಂಬಕ್ಕೆ ಆಳೆತ್ತರದ ಫ್ಲೆಕ್ಸು ಬಿಗಿದಿದ್ದರು, ಅದರ ತುಂಬ ಶುಭ ಕೋರುವವರ ಮುಖಗಳು. ನಂಬರು ಆ ಮುಖಗಳ ಹಿಂದೆ. “ನೋಡಿ ಮಾಡ್ತೀನಮ್ಮ” ಅಂತ ಇಟ್ಟರು.

ಎದುರು ಕಾಂಡಿಮೆಂಟ್ಸ್ ಅಂಗಡಿ ಮುಂದೆ ಪೆಂಡಾಲಿನ ಹುಡುಗರು ಟೀ ಕುಡಿಯುತ್ತ ನಿಂತಿದ್ದರು, ನಾಲ್ಕೈದು ಜನ. ಮುಂದಾಳು ಬಸವಂತ, ಕೊರಳಿಗೆ ಕೇಸರಿ ಶಾಲು, ಕೈಯಲ್ಲಿ ಫೋನು. ಅಲ್ಲಿಗೆ ಹೋಗಿ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಸರ್ವಮಂಗಳಾ ಎರಡು ಹೆಜ್ಜೆ ಇಟ್ಟರು ಕೂಡ. ಅಷ್ಟರಲ್ಲಿ ಹುಡುಗರಲ್ಲಿ ಒಬ್ಬ ಫೋನು ನೋಡಿ ಜೋರಾಗಿ ನಕ್ಕ. ಅವನು ನಕ್ಕದ್ದು ಬೇರೆ ಯಾವುದಕ್ಕೋ ಇರಬಹುದು. ಇವರ ಕಾಲು ಅಲ್ಲೇ ಕಟ್ಟಿತು.

ಇನ್ನು ಮಾಡಿದ್ದನ್ನು ಹೇಳಿದರೆ ಯಾರಾದರೂ ನಗುತ್ತಾರೆ. ವಾಪಸು ಬಂದು, ಗೇಟಿನಿಂದ ಎರಡು ಮಾರು ಈಚೆಗೆ, ಒಣಗಿದ ಕಲ್ಲಿನ ಮೇಲೆ, ದಾರಿಗೆ ಅಡ್ಡವಾಗಿ ನಿಂತುಕೊಂಡರು. ಕೊಡೆಯನ್ನು ಪಕ್ಕಕ್ಕೆ ಚಾಚಿ ಹಿಡಿದರು. ಒಳಗಿನಿಂದ ಯಾರಾದರೂ ಬಂದರೆ ಕೈಯಲ್ಲೇ ದೊಡ್ಡ ಗೇಟು ತೋರಿಸುವುದು. ಹಾಗೆ ನಿಂತರೆ ಯಾರೂ ಗೇಟಿನ ಹತ್ತಿರ ಹೋಗುವುದಿಲ್ಲ, ಯಾರಿಗೂ ಏನೂ ಹೇಳುವ ಪ್ರಮೇಯವೂ ಇರುವುದಿಲ್ಲ ಅಂತ ಲೆಕ್ಕ.

“ಆಂಟಿ, ಸ್ವಲ್ಪ ಸೈಡು” ಅಂದಳು ವಾಕಿಂಗಿಗೆ ಬಂದ ಇಬ್ಬರು ಹುಡುಗಿಯರಲ್ಲಿ ಒಬ್ಬಳು.

“ಆ ಕಡೆ ಗೇಟಿಂದ ಹೋಗಮ್ಮ” ಅಂದರು, ಪಿಸುಮಾತಿನಲ್ಲಿ.

“ಯಾಕೆ, ಇದು ಬಂದ್ ಆಗಿದ್ಯಾ?”

“ಹೂಂ.”

ಹುಡುಗಿಯರಿಬ್ಬರು ತಿರುಗಿದರು. “ಗೇಟ್‌ಕೀಪರ್ ಆಂಟಿ” ಅಂತ ಒಬ್ಬಳು ಅಂದದ್ದು, ಇನ್ನೊಬ್ಬಳು “ಶ್, ಕೇಳ್ಸುತ್ತೆ ಕಣೇ” ಅಂದದ್ದು, ಎರಡೂ ಕೇಳಿಸಿತು.

ಎಂಟು ಗಂಟೆಗೆ ಶಂಭುಲಿಂಗಪ್ಪನವರು ಬಂದರು, ರಿಟೈರ್ಡ್ ಹೆಡ್‌ಮಾಸ್ಟರು. ಹುಡುಗರೆಲ್ಲ ‘ಸಾರ್’ ಅಂತ ಗೌರವ ಕೊಡುವ ಮನುಷ್ಯ. ಇವರು ಹೇಳಿದರೆ ಆಗುತ್ತೆ ಅಂತ ಸರ್ವಮಂಗಳಾಗೆ ಜೀವ ಬಂತು.

“ಸಾರ್, ಅಲ್ಲಿ ವೈರು… ನೀವೊಂದು ಮಾತು ಹೇಳಿದ್ರೆ.”

“ಹಬ್ಬ ಅಲ್ವಾಮ್ಮ, ವರ್ಷಾ ವರ್ಷ ಎಳೀತಾರೆ. ಈಗ ಹುಡುಗರ ಜೊತೆ ಯಾಕೆ ಮನಸ್ತಾಪ?” ಅವರು ವೈರಿನ ಕಡೆ ಕತ್ತೆತ್ತಲಿಲ್ಲ. “ನೀವೂ ಎಲ್ಲಾದಕ್ಕೂ ತಲೆ ಕೆಡಿಸ್ಕೋಬೇಡಿ, ಬಿ.ಪಿ. ಬರುತ್ತೆ” ಅನ್ನುತ್ತ ದೊಡ್ಡ ಗೇಟಿನ ಕಡೆ ನಡೆದರು.

ಒಂಬತ್ತಾಯಿತು. ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿದರು. ಮಧ್ಯೆ ಎರಡು ಸಲ ಸಹಾಯವಾಣಿಗೆ ಮಾಡಿದರು, ಎರಡು ಸಲವೂ ಪೋಲ್ ನಂಬರು. ಹುಡುಗರ ಕಡೆಯಿಂದ ಬಸವಂತ ಕೂಗಿದ, “ಏನ್ ಆಂಟಿ, ಗಣೇಶಂಗೆ ಸೆಕ್ಯೂರಿಟಿನಾ? ಪ್ರಸಾದ ಹತ್ತು ಗಂಟೆಗೆ!” ಎಲ್ಲರೂ ನಕ್ಕರು. ಸರ್ವಮಂಗಳಾ ಕೂಡ ನಗಲು ನೋಡಿದರು. ಈಗ ಹೇಳಿಬಿಡಬೇಕು ಅಂದುಕೊಂಡರು. ಇಷ್ಟು ಹೊತ್ತು ನಿಂತು ಈಗ ಹೇಳಿದರೆ ಏನಂದುಕೊಳ್ಳುತ್ತಾರೆ ಅಂತಲೂ ಅಂದುಕೊಂಡರು. ಹೊತ್ತು ಕಳೆದಷ್ಟೂ ಆ ಒಂದು ವಾಕ್ಯ ಭಾರವಾಗುತ್ತಲೇ ಹೋಯಿತು.

ಆಗ ಮಗು ಬಂದಿದ್ದು. ಮೂರು ಮೂರೂವರೆ ವರ್ಷದ ಹೆಣ್ಣು ಮಗು, ಹಬ್ಬದ ಹೊಸ ಲಂಗ, ಬರಿಗಾಲು. ತಾಯಿ ಶ್ವೇತಾ ಹಿಂದೆ ಫೋನಿನಲ್ಲಿ ಊರಿನವರ ಜೊತೆ ಮಾತಾಡುತ್ತ ಬರುತ್ತಿದ್ದಳು. ರಾಯಚೂರಿನ ಕಡೆಯವರು, ಮೂಲೆ ಮನೆಯ ಮೇಲಿನ ಬಾಡಿಗೆಗೆ ಹೊಸದಾಗಿ ಬಂದಿದ್ದರು. ದೊಡ್ಡವರನ್ನು ತಡೆಯುವ ಕೊಡೆ ಮಗುವಿಗೆ ಯಾವ ಲೆಕ್ಕ? ಬಗ್ಗಲೂ ಇಲ್ಲ, ಅಡಿಯಲ್ಲೇ ಓಡಿತು. ಗೇಟಿನಾಚೆ ಜಾರುಬಂಡಿ ಕಾಣುತ್ತಿತ್ತು. ಎರಡೂ ಕೈ ಮುಂದೆ ಚಾಚಿತ್ತು.

“ಮುಟ್ಟಬೇಡಾ!”

ಹದಿನೆಂಟು ವರ್ಷದ ದನಿ ಅಷ್ಟೂ ಒಂದೇ ಸಲ ಹೊರಬಿತ್ತು. ಪಾರ್ಕಿನ ಒಳಗೆ ನಡೆಯುತ್ತಿದ್ದವರು ನಿಂತರು. ಮಗು ಗೇಟಿಗೆ ಒಂದು ಗೇಣು ಈಚೆ ಕಲ್ಲಾಗಿ ನಿಂತು, ತುಟಿ ಮುದುಡಿ, ಕಿಟಾರನೆ ಅಳಲು ಶುರುಮಾಡಿತು. ಸರ್ವಮಂಗಳಾ ಧಾವಿಸಿ ಹೋಗಿ ಲಂಗ ಹಿಡಿದು ಅದನ್ನು ಹಿಂದಕ್ಕೆ ಎಳೆದುಕೊಂಡರು.

ಶ್ವೇತಾ ಓಡಿ ಬಂದು ಮಗುವನ್ನು ಕಿತ್ತುಕೊಂಡಳು. “ಯಾಕ್ರೀ ಆಂಟಿ, ಸಣ್ಣ ಕೂಸಿನ ಮ್ಯಾಲ ಹಿಂಗ ಒದರ್ತೀರಿ? ಗೇಟು ನಿಮ್ಮ ಸ್ವಂತದ್ದೇನು?”

ರಸ್ತೆಯಾಚೆಯಿಂದ ಹುಡುಗರು ಬರತೊಡಗಿದರು. ಬಸವಂತನ ಫೋನು ಎದೆಮಟ್ಟಕ್ಕೆ ಎದ್ದಿತ್ತು, ಅಡ್ಡಡ್ಡ ಹಿಡಿದಿದ್ದ. ಆ ಚಿಕ್ಕ ಗಾಜಿನ ಕಣ್ಣು ನೋಡಿದ ಕೂಡಲೇ ಸರ್ವಮಂಗಳಾ ಅವರ ಬೆನ್ನಿನ ಮೇಲೆ ಬೆವರೊಡೆಯಿತು. ಸೆರಗು ಎಲ್ಲಿದೆಯೋ, ಬಾಯಿ ಹೇಗಿದೆಯೋ. ಮಗು ಇನ್ನೂ ಅಳುತ್ತಿತ್ತು.

“ಮಾಡಪ್ಪಾ, ವಿಡಿಯೋ ಮಾಡು” ಅಂದರು, ದನಿ ತಗ್ಗಿಸದೆ. “ನನ್ನನ್ನ ಆಮೇಲೆ ತೆಗಿ. ಮೊದಲು ಮೇಲೆ ತಿರುಗ್ಸು. ಆ ವೈರು ತೋರ್ಸು. ಝೂಮ್ ಮಾಡು.”

ಬಸವಂತ ನಗುತ್ತಲೇ ಫೋನು ಎತ್ತಿದ. ಬೆರಳಲ್ಲಿ ದೊಡ್ಡದು ಮಾಡಿದ. ಪರದೆಯ ಮೇಲೆ ತಾಮ್ರ ಫಳ್ಳನೆ ಹೊಳೆಯಿತು. ಅವನ ನಗು ಹಾಗೇ ಇಳಿಯಿತು. “ಅಯ್ಯೋ ಗುರು” ಅನ್ನುತ್ತ ಗೇಟಿನತ್ತ ಕೈ ಚಾಚಿದ.

“ಕೈ ಹಾಕಬೇಡ! ಚಪ್ಪಲಿ ಎಲ್ಲಿ ನಿಂದು? ಆ ಫ್ಲೆಕ್ಸು ಬಿಚ್ಚು, ಕಂಬದ ನಂಬರ್ ಹೇಳು ನಂಗೆ.”

ಫ್ಲೆಕ್ಸಿನ ಮುಖಗಳು ಒಂದೊಂದಾಗಿ ಮಡಚಿಕೊಂಡವು. ಕೆಂಪು ಪೇಂಟಿನ ನಂಬರು ಕಂಡಿತು. ಸರ್ವಮಂಗಳಾ ಅಂಕಿಗಳನ್ನು ಒಂದೊಂದೇ ಬಿಡಿಸಿ, ಉಕ್ತಲೇಖನ ಹೇಳುವ ಹಾಗೆ, ಫೋನಿಗೆ ಹೇಳಿದರು.

ಮುಕ್ಕಾಲು ಗಂಟೆಯಲ್ಲಿ ಲೈನ್‌ಮನ್ ಚಿಕ್ಕಬೈರಪ್ಪ ಬಂದ. ಟೆಸ್ಟರ್ ಗೇಟಿಗೆ ಮುಟ್ಟಿಸಿದ್ದೇ ಅದರ ದೀಪ ಹತ್ತಿತು. “ಯಪ್ಪಾ” ಅಂದ, ಕಂಬ ಹತ್ತಿ ಕೊಕ್ಕೆ ತೆಗೆದ, ಇಳಿದು ಹುಡುಗರಿಗೆ ಅವರ ತಾತನವರೆಗೂ ಬೈದ. ಬೈಸಿಕೊಂಡವರು “ಸಾರಿ ಸಾರ್, ಸಾರಿ ಸಾರ್” ಅಂದರು. ಅವನ ವಿಡಿಯೋ ಯಾರೂ ಮಾಡಲಿಲ್ಲ. ಆಮೇಲೆ ಕಂಪ್ಲೇಂಟ್ ಯಾರದು ಅಂತ ಕೇಳಿದ.

“ನಂದು. ಸರ್ವಮಂಗಳಾ ಅಂತ…”

“ಹೆಸರು ಬೇಡ ಮೇಡಂ. ಓಟಿಪಿ ಬಂದಿರುತ್ತೆ, ಅದನ್ನ ಹೇಳಿ. ಕ್ಲೋಸ್ ಮಾಡ್ಬೇಕು.”

ಶ್ವೇತಾ ಆಗಲೇ ಹೋಗಿಬಿಟ್ಟಿದ್ದಳು. ಅಷ್ಟು ಹೊತ್ತು ಅಲ್ಲೇ ನಿಂತಿದ್ದವಳು, ಟೆಸ್ಟರ್ ಹತ್ತಿದ್ದನ್ನು ನೋಡಿ, ಮಗುವನ್ನು ಎದೆಗೆ ಅವುಚಿಕೊಂಡು, ಹಿಂದೆ ತಿರುಗದೆ. ಆ ಒಂದು ಗೇಣನ್ನು ಅವಳು ಎಷ್ಟು ದಿನ ಮನಸ್ಸಿನಲ್ಲಿ ಅಳೆಯುತ್ತಾಳೋ. ಆದರೂ ಸರ್ವಮಂಗಳಾ ಮೂಲೆ ಮನೆಯ ಕಡೆ ಸ್ವಲ್ಪ ಹೊತ್ತು ನೋಡುತ್ತ ನಿಂತರು.

ಬಸವಂತ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. “ಕೂತ್ಕೊಳ್ಳಿ ಆಂಟಿ. ಅಲ್ಲಾ, ಬೆಳಗ್ಗೆಯಿಂದ ಇಲ್ಲೇ ನಿಂತಿದ್ರಲ್ಲ. ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?”

ಅವನು ವ್ಯಂಗ್ಯಕ್ಕೆ ಕೇಳಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದ. ಸರ್ವಮಂಗಳಾ ಗೇಟಿನ ಕಡೆ ನೋಡಿದರು. ಮಗುವಿನ ಬದಲು ಇನ್ನಾರಾದರೂ ಕೊಡೆಯ ಹಿಂಬದಿಯಿಂದ ಹೋಗಿದ್ದರೆ? ಹೆಚ್ಚುಕಡಿಮೆ ಎರಡು ಗಂಟೆ ಹೊತ್ತು ಅವರು ಹೇಳಿರಲಿಲ್ಲ. ಕುರ್ಚಿಯಲ್ಲಿ ಕೂರದೆ ಮನೆಗೆ ನಡೆದರು.

ಸಿರಿ ತಲೆಗೆ ಟವೆಲ್ ಸುತ್ತಿಕೊಂಡು ಕಾಫಿ ಹುಡುಕುತ್ತಿದ್ದಳು. “ಎಲ್ಲಿ ಹೋಗಿದ್ದೆ ಇಷ್ಟೊತ್ತು?”

ಸರ್ವಮಂಗಳಾ ಹೇಳಿದರು. ನಾಯಿ, ವೈರು, ಮಗು, ತಾವು ಕೂಗಿದ್ದು, ಎಲ್ಲ. ತಿಂಗಳುಗಳಲ್ಲಿ ಮಗಳಿಗೆ ಅಷ್ಟು ಉದ್ದ ಹೇಳಿದ್ದು ಅದೇ ಮೊದಲು.

“ಯಾರಾದ್ರೂ ವಿಡಿಯೋ ಮಾಡಿದ್ರಾ?” ಅಂತ ಕೇಳಿದಳು ಸಿರಿ.

“ಮಾಡಿದ್ರು. ಮಾಡು ಅಂತ ನಾನೇ ಹೇಳ್ದೆ.”

“ಅಮ್ಮಾ…”

ಸಿರಿ ಅವರನ್ನೊಮ್ಮೆ ನೋಡಿ, ಫೋನು ತೆಗೆದುಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ರೀಲುಗಳ ಸದ್ದು ಬರತೊಡಗಿತು. ಒಂದು ಹಾಡಿನ ತುಣುಕು, ಕಟ್. ಯಾರದೋ ನಗು, ಕಟ್. ತಮಟೆ, ಕಟ್. ಆ ವಿಡಿಯೋ ಹುಡುಕುತ್ತಿದ್ದಾಳೆ ಅಂತ ಗೊತ್ತಾಯಿತು.

“ಮಗು ಗೇಟು ಮುಟ್ಲಿಲ್ಲ ಕಣೇ” ಅಂದರು ಸರ್ವಮಂಗಳಾ, ಹಾಲಿನ ನಡುವೆ ನಿಂತು, ಮುಚ್ಚಿದ ಬಾಗಿಲಿಗೆ ಕೇಳುವಷ್ಟು ಜೋರಾಗಿ.

ಒಳಗೆ ಇನ್ನೊಂದು ಹಾಡು ಶುರುವಾಯಿತು.