ಚಿಕ್ಕಯ್ಯನ ತನಿ, ಅಂಬುಜಮ್ಮನ ಕಾಫಿ

ಲಕ್ಷ್ಮೀಪುರಂನ ಗಣೇಶೋತ್ಸವದಲ್ಲಿ ಮೂರು ವರ್ಷ ಡ್ರಮ್ ಬಾರಿಸಿದರೂ ಚಿಕ್ಕಯ್ಯನ ಮುಖ ಆ ಬಡಾವಣೆಯಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಅವನು ಮುಖ ತೋರಿಸುವ ಹೊತ್ತಿಗೆ ಅವರೆಲ್ಲ ಬೆನ್ನು ತೋರಿಸಿರುತ್ತಿದ್ದರು.

ಹಗಲಿನಲ್ಲಿ ಅವನು ರೈಲ್ವೆ ವರ್ಕ್‌ಶಾಪಿನ ಫಿಟ್ಟರು. ಅಪ್ಪ ವರುಣದ ಕಡೆ ಹೊಲ ಉಳುತ್ತಿದ್ದವರು. ಮಗ ಮೈಸೂರಿನ ಹೈಸ್ಕೂಲು ಸೇರಿ ಸ್ಕೌಟ್ ದಳದಲ್ಲಿ ಡ್ರಮ್ ಕಲಿತ. ನಲವತ್ತೇಳರ ಆಗಸ್ಟಿನಲ್ಲಿ, ಹದಿಮೂರನೆಯ ವಯಸ್ಸಿಗೆ, ಮೆರವಣಿಗೆಯ ಮುಂದೆ ಬಾರಿಸುತ್ತ ಊರೆಲ್ಲ ಸುತ್ತಿದ. ಅಂದು ಯಾರೂ ಎದ್ದು ಹೋಗಲಿಲ್ಲ. ಕೂತಿದ್ದರಲ್ಲವೆ ಏಳುವುದಕ್ಕೆ! ಡ್ರಮ್ಮು ಎಲ್ಲಿ ಹೋದರೂ ಜನ ಹಿಂದೆ ಬರುತ್ತಾರೆಂದು ಹುಡುಗ ನಂಬಿಬಿಟ್ಟ. ಆ ನಂಬಿಕೆ ಹತ್ತೊಂಬತ್ತು ವರ್ಷ ಬಾಳಿತು.

ಅರವತ್ತಾರರಲ್ಲಿ ಲಕ್ಷ್ಮೀಪುರಂನ ವಕೀಲರೊಬ್ಬರ ಮಗ ಅಶ್ವತ್ಥ ಎಲ್ಲಿಂದಲೋ ಒಂದು ಕರೆಂಟ್ ಗಿಟಾರ್ ತಂದ. ಗಿಟಾರ್ ನುಡಿಸುವ ಕಾಲೇಜಿನ ಇಬ್ಬರು ಗೆಳೆಯರನ್ನು ಸೇರಿಸಿಕೊಂಡು 'ಚಾಮುಂಡಿ ಬೀಟ್ಸ್' ಎಂದು ಹೆಸರಿಟ್ಟ. ರೇಡಿಯೋದಲ್ಲಿ ಕೇಳಿದ ರಾಕ್ ಅಂಡ್ ರೋಲ್ ಹಾಡುಗಳನ್ನು ವಕೀಲರ ಮನೆಯ ಕಾರ್ ಶೆಡ್ಡಿನಲ್ಲಿ ಕಲಿತರು. ಡ್ರಮ್ಮಿಗೆ ಯಾರೂ ಸಿಗದೆ ಚಿಕ್ಕಯ್ಯನನ್ನು ಕರೆದರು. ಮೂವತ್ತೆರಡರ ಚಿಕ್ಕಯ್ಯ, ಎರಡು ಮಕ್ಕಳ ತಂದೆ, ಆ ಹುಡುಗರ ಹಾಗೇ ಬಿಗಿ ಪ್ಯಾಂಟು ಹೊಲಿಸಿಕೊಂಡ. ಅದನ್ನು ಹಾಕಿಕೊಂಡರೆ ನಿಲ್ಲಬಹುದಿತ್ತು, ಕೂರುವ ಹಾಗಿರಲಿಲ್ಲ. ಕೂತೇ ಬಾರಿಸಬೇಕಾದ ಕೆಲಸ. ಹೆಂಡತಿ ಸುಂದರಮ್ಮ ನಗುನಗುತ್ತ ಹೊಲಿಗೆ ಬಿಚ್ಚಿ ಎರಡು ಇಂಚು ಬಿಟ್ಟುಕೊಟ್ಟಳು.

ಲಕ್ಷ್ಮೀಪುರಂನ ಜನ ಸಭ್ಯರು. ಆ ವರ್ಷದ ಗಣೇಶೋತ್ಸವದಲ್ಲಿ ಹಿಂದಿನ ಸಂಜೆ ವೀಣೆ, ಮಾರನೆಯ ಸಂಜೆ ಹರಿಕಥೆ, ನಡುವೆ ಈ ಗಿಟಾರು. ಅವರು ಅದಕ್ಕೂ ತೊಡೆಯ ಮೇಲೆ ತಾಳ ಹಾಕಿದರು, ತಲೆದೂಗಿದರು. ಆರನೆಯ ಹಾಡಿನ ನಡುವೆ ಗಿಟಾರುಗಳೆಲ್ಲ ಸುಮ್ಮನಾಗಿ ಚಿಕ್ಕಯ್ಯನೊಬ್ಬನೇ ಬಾರಿಸುವ ಘಟ್ಟ ಬಂತು. ಅಷ್ಟೇ. ಕಚೇರಿ ಕೇಳಿ ಪಳಗಿದ ಜನಕ್ಕೆ ಅದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಡುವವರು ನಿಲ್ಲಿಸಿ ಮೃದಂಗದವರಿಗೆ ಬಿಟ್ಟುಕೊಟ್ಟರೆ ಅದು ತನಿ. ತನಿ ಬಂದರೆ ಎದ್ದು ಹೋಗಿ ಕಾಫಿ ಕುಡಿಯುವುದು ಅವರ ಅಪ್ಪಂದಿರ ಕಾಲದಿಂದ ಬಂದ ಅಭ್ಯಾಸ. ಪಂಚೆ ಕೊಡವಿಕೊಂಡು, ಸೆರಗು ಸರಿಮಾಡಿಕೊಂಡು, ಇಡೀ ಪೆಂಡಾಲು ಎದ್ದಿತು. ಪಕ್ಕದ ತಗಡಿನ ಶೆಡ್ಡಿನಲ್ಲಿ ಅಂಬುಜಮ್ಮನವರ ಕಾಫಿ ಕಾದಿತ್ತು.

ಮರುವರ್ಷ ಚಿಕ್ಕಯ್ಯ ಉಪಾಯ ಮಾಡಿದ. ತನ್ನ ಸರದಿಯನ್ನು ಮೊದಲಿಗೇ ಇಟ್ಟುಕೊಂಡ. ಮೈಕ್ ಸರಿಮಾಡುತ್ತಿದ್ದಾರೆ ಎಂದುಕೊಂಡು ಜನ ಒಳಗೇ ಬರದೆ ಕಾಫಿ ಶೆಡ್ಡಿನಲ್ಲೇ ಉಳಿದರು. ಅಂಬುಜಮ್ಮನವರ ಹತ್ತಿರ ಹೋಗಿ ಬೇಡಿಕೊಂಡ.

"ಅಮ್ಮಾವ್ರೇ, ಮುಂದಿನ ಸಲ ನಂದು ಮುಗಿಯೋಗಂಟ ಕಾಫಿ ಕೊಡ್ಬ್ಯಾಡಿ."

"ಅಷ್ಟೊತ್ತು ಒಲೆ ಮೇಲಿಟ್ರೆ ಹಾಲು ಒಡೆಯತ್ತೆ. ನೀನು ಬಂದು ಕೂಡಿಸ್ತೀಯೇನಪ್ಪ?" ಎಂದರು ಅವರು.

ಅರವತ್ತೆಂಟರಲ್ಲಿ, ಹಬ್ಬಕ್ಕೆ ಎರಡು ದಿನ ಮುಂಚೆ, ಸಮಿತಿಯ ಕಾರ್ಯದರ್ಶಿ ನಂಜುಂಡಯ್ಯನವರೇ ಅವನನ್ನು ಹುಡುಕಿಕೊಂಡು ಬಂದರು. ಚಿಕ್ಕಯ್ಯನ ಎದೆ ಅರಳಿತು.

"ಚಿಕ್ಕಯ್ಯ, ಈ ಸಲ ನಿನ್ನ ತನಿ ಉದ್ದ ಮಾಡಬೇಕು."

"ಎಷ್ಟು ಸ್ವಾಮಿ?"

"ಹತ್ತು ನಿಮಿಷಕ್ಕೆ ಕಡಿಮೆ ಬೇಡ. ಹೋದ ವರ್ಷ ಅರ್ಧ ಜನಕ್ಕೆ ಕಾಫಿ ಸಿಗೋದರೊಳಗೆ ನಿಲ್ಲಿಸಿಬಿಟ್ಟೆ ಕಣಯ್ಯ!"

ಆ ಸಂಜೆ ಚಿಕ್ಕಯ್ಯ ಊಟದ ಮುಂದೆ ಕೂತು ಸುಂದರಮ್ಮನಿಗೆ ಹೇಳಿದ. "ಈ ಸಲ ಒಬ್ರಾದ್ರೂ ಕೂತು ಕೇಳ್ದಿದ್ರೆ ಮುಗೀತು. ಇನ್ ಡ್ರಮ್ ಮುಟ್ಟಾಕಿಲ್ಲ."

ಅವಳು ಸಾರು ಬಡಿಸುತ್ತಿದ್ದಳು. ಮೊದಲ ವರ್ಷ ಅವಳೂ ಎದ್ದು ಹೋಗಿದ್ದಳು, ಮರುವರ್ಷ ಎಲ್ಲರ ಜೊತೆ ಹೊರಗೇ ಉಳಿದಿದ್ದಳು. ಕೇಳಿದರೆ, "ಎಲ್ಲಾ ಹೆಂಗಸ್ರೂ ಎದ್ರು ಕಣ್ರೀ, ನಾನೊಬ್ಳೇ ಕೂತಿದ್ರೆ ಏನಂದ್ಕೊಂಡಾರು?" ಎಂದಿದ್ದಳು. ಈಗ ಮಾತ್ರ, "ನಾನು ಕೂರ್ತೀನಿ ಬುಡಿ," ಎಂದಳು.

ಚಿಕ್ಕಯ್ಯ ನಂಬಲಿಲ್ಲ. ಹೆಂಡತಿ ಗಂಡನನ್ನು ಸಮಾಧಾನ ಮಾಡಲು ಏನು ಬೇಕಾದರೂ ಹೇಳುತ್ತಾಳೆ.

ಹಬ್ಬದ ಸಂಜೆ ಐದು ಹಾಡು ಮುಗಿದವು. ಆರನೆಯದರ ನಡುವೆ ಅಶ್ವತ್ಥ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದಡಗಿಸಿ, ಚಿಕ್ಕಯ್ಯನ ಕಡೆ ಕತ್ತು ಆಡಿಸಿದ. ಚಿಕ್ಕಯ್ಯ ಶುರುಮಾಡಿದ. ಪೆಂಡಾಲು ಎದ್ದಿತು. ನಂಜುಂಡಯ್ಯನವರು ಗಡಿಯಾರ ನೋಡಿಕೊಂಡರು.

ಒಂದು ನಿಮಿಷ ಬಾರಿಸಿದ ಚಿಕ್ಕಯ್ಯನಿಗೆ ಏನನ್ನಿಸಿತೋ, ಸೈಡ್ ಡ್ರಮ್ಮನ್ನು ಸ್ಟ್ಯಾಂಡಿನಿಂದ ಕಿತ್ತು, ಕೊರಳಿಗೆ ನೇತುಹಾಕಿಕೊಂಡು, ವೇದಿಕೆಯಿಂದ ಧುಮುಕಿ ನೇರ ಕಾಫಿಯ ಸಾಲಿಗೆ ನಡೆದ.

ಅಂಬುಜಮ್ಮನವರು ಲೋಟದಿಂದ ಲೋಟಕ್ಕೆ ಕಾಫಿ ಎತ್ತಿ ಹೊಯ್ಯುತ್ತಿದ್ದರು. ಧಾರೆ ಇಳಿಯುವಾಗ ಚಿಕ್ಕಯ್ಯ ಡ್ರಮ್ಮಿನ ಮೇಲೆ ಕಡ್ಡಿಗಳನ್ನು ಎಡೆಬಿಡದೆ ಉರುಳಿಸಿದ, ಲೋಟ ತುಂಬಿದಾಗ ಒಂದೇ ಏಟು ಬಿಟ್ಟ. ಅವರು ಬೆಚ್ಚಿ ನೋಡಿ ಇನ್ನೂ ಎತ್ತರದಿಂದ ಹೊಯ್ದರು. ಅವನು ಇನ್ನೂ ಉದ್ದ ಉರುಳಿಸಿದ. ಸಾಲಿನಲ್ಲಿ ನಗು ಎದ್ದಿತು. "ನಂದಕ್ಕೂ ಬಾರಿಸಪ್ಪ!" ಎಂದರು ಹಿಂದಿನವರು. ನಿವೃತ್ತ ಮೇಷ್ಟರೊಬ್ಬರು ತಾಳ ಹಾಕಹೋಗಿ, ಕೈಯಲ್ಲಿ ಬಿಸಿ ಲೋಟ ಇದ್ದುದು ನೆನಪಾಗಿ, ಚಪ್ಪಲಿಯಲ್ಲಿ ತಾಳ ಹಾಕಿದರು. ಲೆಕ್ಕ ತಪ್ಪಲಿಲ್ಲ. ಕುಡಿದವರು ಹೋಗಲಿಲ್ಲ, ಕುಡಿಯದವರು ಕುಡಿಯಲಿಲ್ಲ.

"ನನ್ನ ಕಾಫಿ ಎಲ್ಲಾ ಆರಿಸಿಬಿಟ್ಟೆಯಲ್ಲೋ ಚಿಕ್ಕಯ್ಯ!" ಎಂದು ಅಂಬುಜಮ್ಮನವರು ಬೈದರು. ಅಂಥ ಬೈಗುಳ ಅವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಬೀಗುತ್ತ ಅತ್ತಿತ್ತ ನೋಡಿದ, ಸುಂದರಮ್ಮ ಕಂಡಾಳೆಂದು. ಸಾಲಿನಲ್ಲಿ ಅವಳಿರಲಿಲ್ಲ.

ಪೆಂಡಾಲಿನ ಒಳಗೆ ಇಣುಕಿದ. ಇಡೀ ಜಮಖಾನದ ಮೇಲೆ ಒಬ್ಬಳೇ ಹೆಂಗಸು ಖಾಲಿ ವೇದಿಕೆಯ ಕಡೆ ಮುಖಮಾಡಿ ನೆಟ್ಟಗೆ ಕೂತಿದ್ದಳು. ಅವಮಾನಕ್ಕೆ ಕಿವಿ ಕೆಂಪಾಗಿದ್ದವು.

ಚಿಕ್ಕಯ್ಯ ಹತ್ತಿರ ಹೋಗಿ ನಿಂತ. ಕಡ್ಡಿಗಳು ಕೈಯಲ್ಲೇ ಉಳಿದವು.

"ಒಬ್ರಾದ್ರೂ ಕೂರ್ಬೇಕು ಅಂದ್ರಿ," ಎಂದಳು ಸುಂದರಮ್ಮ, ವೇದಿಕೆಯಿಂದ ಕಣ್ಣು ಕೀಳದೆ. "ಕೂರ್ತೀನಿ ಅಂದೆ, ಕೂತೆ. ಎದ್ದೋದೋರು ನೀವು ಕಣ್ರೀ!"

ಚಿಕ್ಕಯ್ಯ ವೇದಿಕೆಯ ಅಂಚಿನಲ್ಲಿ ಅವಳಿಗೆ ಎದುರಾಗಿ ಕೂತ. ಡ್ರಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಶುರುಮಾಡಿದ. ಇದರಲ್ಲಿ ಗದ್ದಲವಿರಲಿಲ್ಲ, ಒಬ್ಬರಿಗೆ ಕೇಳಿದರೆ ಸಾಕೆನ್ನುವಷ್ಟೇ ಸದ್ದು. ಅವಳು ಮೊದಲು ಅವನ ಕೈ ನೋಡಿದಳು, ಆಮೇಲೆ ಮುಖ. ಕಿವಿಯ ಕೆಂಪು ಮೆಲ್ಲಗೆ ಇಳಿಯಿತು.

"ಮೂರು ವರ್ಸದಿಂದ ಇದ್ನೇ ಬಾರಿಸ್ತಿದ್ರಾ?"

"ಊಂ."

"ಮತ್ತೆ ಹೇಳ್ಬಾರ್ದಾ, ಇಷ್ಟು ಚೆನ್ನಾಗೈತೆ ಅಂತ! ನಿಲ್ಲಿಸ್ಬ್ಯಾಡಿ."

ಹೊರಗೆ ಸದ್ದು ನಿಂತಿದ್ದಕ್ಕೆ ಜನ ಒಬ್ಬೊಬ್ಬರೇ ಬಗ್ಗಿ ನೋಡಿ, ಲೋಟ ಹಿಡಿದೇ ಬಂದು ಕೂತರು. ನಂಜುಂಡಯ್ಯನವರು ಗಡಿಯಾರ ತೋರಿಸಿ ಅಶ್ವತ್ಥನಿಗೆ ಸನ್ನೆಮಾಡಿದರು. ಅವನು ಕಂಡೂ ಕಾಣದವನಂತೆ ಗಿಟಾರನ್ನು ಪೆಂಡಾಲಿನ ಕಂಬಕ್ಕೆ ಒರಗಿಸಿದ.

ಕೂತಲ್ಲಿಂದ ಏಳದ ಸುಂದರಮ್ಮನೊಬ್ಬಳಿಗೆ ಕಾಫಿ ಸಿಕ್ಕಿರಲಿಲ್ಲ. ಅದನ್ನು ಗಮನಿಸಿದ ಅಂಬುಜಮ್ಮನವರು, ಶೆಡ್ಡು ಬಿಟ್ಟು ಎಂದೂ ಈಚೆ ಬಾರದವರು, ತಾವೇ ಒಂದು ಲೋಟ ಹಿಡಿದು ಪೆಂಡಾಲಿಗೆ ಬಂದರು. ಸುಂದರಮ್ಮ ಕೈ ಚಾಚಿದಳು. ಅವರು ಕೊಡುವುದನ್ನು ಮರೆತು, ಲೋಟ ಹಿಡಿದು ಅಲ್ಲೇ ನಿಂತು ಕೇಳತೊಡಗಿದರು.